ಷಡ್ಡಕನ ಕಾಲುವೆ

ಗಾಜಿನ ನಳಿಕೆಯೊಳಗಿನ ನೀರು ಗುಲಾಬಿ ಬಣ್ಣಕ್ಕೆ ತಿರುಗತೊಡಗಿದಾಗ ಅವನಿಗೆ ಮೊದಲು ಆದದ್ದು ಸಂತೋಷ. ಅದನ್ನು ಸಂತೋಷವೆಂದು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಆತಂಕವಿರಬಹುದು ಅಂದುಕೊಂಡ; ಕೆಲಸದ ಮೇಲಿನ ಶ್ರದ್ಧೆಯೂ ಇರಬಹುದು ಅಂದುಕೊಂಡ; ಆದರೆ ಆತಂಕವಾದರೆ ತುಟಿಯ ಕೊನೆ ಹೀಗೆ ತಾನಾಗಿ ಮೇಲೇಳುವುದಿಲ್ಲ ಎನ್ನುವುದು ಬೀರುವಿನ ಗಾಜಿನಲ್ಲಿ ತನ್ನ ಮುಖ ಕಂಡಾಗ ಗೊತ್ತಾಯಿತು. ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ನೀರಿನಲ್ಲಿ ನೈಟ್ರೇಟ್ ಎಷ್ಟಿದೆಯೋ ಅಷ್ಟು ಬಣ್ಣ. ಇಲ್ಲದ ನೀರಿನಲ್ಲಿ ಬಣ್ಣವೇ ಏಳುವುದಿಲ್ಲ. ಇದು ಎದ್ದಿತು, ಏಳುತ್ತಲೇ ಹೋಯಿತು, ಯಾರದೋ ಗುಟ್ಟು ಬಯಲಾಗಿ ಕೆನ್ನೆ ಕೆಂಪೇರುವ ಹಾಗೆ. ಯಂತ್ರದ ಪುಟ್ಟ ಗೂಡಿನಲ್ಲಿ ನಳಿಕೆಯನ್ನಿಟ್ಟು ಮುಚ್ಚಿದಾಗ ಬಂದ ಸಂಖ್ಯೆ ಲೀಟರಿಗೆ ನಲವತ್ತು ಮಿಲಿಗ್ರಾಮಿನ ಆಸುಪಾಸಿನಲ್ಲಿತ್ತು. ಕೆರೆಗೆ ಹೋಗಿ ಸೇರುವ ಒಂದು ಬಡ ಬಸಿಗಾಲುವೆಗೆ ಇದು ತೀರಾ ಹೆಚ್ಚು. ಅದೇ ಬಾಟಲಿನಿಂದ ಇನ್ನಷ್ಟು ನೀರು ತೆಗೆದು ಮತ್ತೆ ಮೊದಲಿನಿಂದ ಮಾಡಿದ; ಮತ್ತೆ ಅದೇ ಸಂಖ್ಯೆ. ಎರಡು ಸಲವೂ ಒಂದೇ ಉತ್ತರ ಬಂದರೆ ಅದು ನಿಜವೆಂದು ನಂಬುವುದು ಅವನಿಗೆ ರೂಢಿ. ಊರಿನ ಕುಡಿಯುವ ನೀರನ್ನು ಪರೀಕ್ಷಿಸುವ ಈ ಕೋಣೆಯಲ್ಲಿ, ಈ ಕಿಟಕಿಯ ಪಕ್ಕ, ಅವನ ತಲೆಯ ಕೂದಲು ನೆರೆತದ್ದು ಆ ನಂಬಿಕೆಯ ಮೇಲೆಯೇ.

ನೀರು ಷಡ್ಡಕನದು. ಅವನ ಹೆಂಡತಿಯ ತಂಗಿಯ ಗಂಡ ಕೆರೆಯ ಮೇಲಿನ ಇಳಿಜಾರಿನಲ್ಲಿ ಹೂ ಬೆಳೆಯುತ್ತಾನೆ. ಆ ತೋಟದ ಅಡಿಯಲ್ಲಿ ಹರಿಯುವ ಕಾಲುವೆಯ ನೀರು ಅದು. ಚೀಲದ ಗೊಬ್ಬರವನ್ನು ಬಿಟ್ಟು, ಎಲೆ, ಹುಲ್ಲು, ಸಗಣಿ, ಕೋಳಿಗೊಬ್ಬರ ಕೊಳೆಯಿಸಿದ ಕಾಂಪೋಸ್ಟನ್ನೇ ಹಾಕಿ ಮಣ್ಣನ್ನೂ ಕೆರೆಯನ್ನೂ ಉಳಿಸುತ್ತಿರುವವನೆಂದು ಹೆಸರಾದ ಷಡ್ಡಕ. ಇವತ್ತು ಮಧ್ಯಾಹ್ನ ಇಳಿಜಾರಿನ ಬೆಳೆಗಾರರೆಲ್ಲ ಅವನ ಶೆಡ್ಡಿನಲ್ಲಿ ಸೇರುತ್ತಾರೆ. ಎಲ್ಲರೂ ಒಟ್ಟಿಗೆ ಯೂರಿಯಾ ಚೀಲ ಬಿಡುವುದೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ಒಬ್ಬಿಬ್ಬರು ಬಿಟ್ಟರೆ ಕೆರೆಗೆ ಏನೂ ಆಗದು. ಎಲ್ಲರೂ ಬಿಟ್ಟರೆ ಆದೀತು. ಬೇಸಿಗೆ ಬಂತೆಂದರೆ ಹಸಿರು ಪಾಚಿ ಕಟ್ಟಿ, ಮೀನು ಹೊಟ್ಟೆ ಮೇಲೆ ಮಾಡಿ ತೇಲುವ ಆ ಕೆರೆ ಮತ್ತೆ ಕೆರೆಯಾದೀತು. ಇದನ್ನು ನೀರು ಪರೀಕ್ಷಿಸುವ ಇವನೇ ಹೇಳುತ್ತ ಬಂದಿದ್ದ. ಷಡ್ಡಕ ಮದುವೆ ಮನೆಗಳಲ್ಲಿ ವಿಡಿಯೊ ತೆಗೆಯುತ್ತ ಓಡಾಡುತ್ತಿದ್ದ ಕಾಲದಿಂದ ಹೇಳುತ್ತ ಬಂದಿದ್ದ.

"ಸರ್, ಪೆಟ್ಟಿಗೇಲಿ ಕೆಂಪು ಮುಚ್ಚಳದ ಬಾಟ್ಲು ಒಂದು ಕಮ್ಮಿ ಬರ್ತಿದೆ. ನೀವೇನಾದ್ರೂ ತಗೊಂಡ್ರಾ?" ಬಾಟಲು ತೊಳೆಯುವಾಕೆ ಬಾಗಿಲಲ್ಲಿ ನಿಂತು ಕೇಳಿದಳು.

"ಇರುತ್ತೆ ನೋಡಿ, ಅಲ್ಲೇ ಎಲ್ಲೋ."

"ಎಲ್ಲೋ ಅಂದ್ರೆ ನಾನೆಲ್ಲಿ ಹುಡುಕ್ಲಿ? ಮುಚ್ಚಳ ಅದಲುಬದಲಾದ್ರೆ ನಿನ್ನ ತಲೆನೂ ಅದಲುಬದಲು ಮಾಡ್ತೀನಿ ಅಂತ ನೀವೇ ಅಂದಿದ್ದು."

"ಆಮೇಲೆ ನೋಡೋಣ," ಅಂದ. ಅಂದು, ಕೈಯಲ್ಲಿದ್ದ ಬಾಟಲನ್ನು ತೊಟ್ಟಿಯಲ್ಲಿ ಬೋರಲು ಹಾಕಿ ನೀರು ಬಿಟ್ಟ. ಸಾಮಾನ್ಯವಾಗಿ ಅವನು ಹಾಗೆ ಮಾಡುವವನಲ್ಲ. ಉಳಿದ ನೀರನ್ನು ಒಂದು ವಾರವಾದರೂ ತಣ್ಣನೆಯ ಪೆಟ್ಟಿಗೆಯಲ್ಲಿ ಇಡುವವನು. ಇವತ್ತು ಕೈ ತಾನಾಗಿ ಮುಂದೆ ಹೋಯಿತು. ತೊಟ್ಟಿಯ ತೂತಿನಲ್ಲಿ ಷಡ್ಡಕನ ಕಾಲುವೆ ಗುಳುಗುಳು ಎಂದು ಇಳಿದುಹೋಗುವುದನ್ನು ನೋಡುತ್ತ ನಿಂತವನಿಗೆ ಅತ್ತೆಯ ಮನೆಯ ಊಟದ ಮೇಜು ನೆನಪಾಯಿತು. ಆಗ ಇಬ್ಬರೂ ಅಳಿಯಂದಿರು ಹೊಸಬರು. ಕೆರೆಗೆ ಯಾಕೆ ಪಾಚಿ ಬರುತ್ತದೆ ಎಂದು ಯಾರೋ ಕೇಳಿದ್ದರು, ಇವನು ಊಟ ಬಿಟ್ಟು ವಿವರಿಸಿದ್ದ. ಚೀಲದ ಗೊಬ್ಬರ ಒಂದು ಜೋರು ಮಳೆಗೆ ಕರಗಿ ಹರಿದುಹೋಗುತ್ತದೆ, ಗಿಡ ಕುಡಿದದ್ದಕ್ಕಿಂತ ಕೆರೆ ಕುಡಿದದ್ದೇ ಹೆಚ್ಚು. ಕೊಳೆತ ಗೊಬ್ಬರದಲ್ಲಿ ಅದೇ ಸಾರಜನಕ ಮಣ್ಣಿನ ಹುಳುಹುಪ್ಪಟೆಗಳ ಮೈಯಲ್ಲಿ ಸೇರಿಕೊಂಡು, ಗಿಡ ಕೇಳಿದಷ್ಟೇ, ಕೇಳಿದಾಗಲೇ, ಮೆಲ್ಲಗೆ ಸಿಗುತ್ತದೆ. ಅನ್ನ ಕಲಸಿದ ಬೆರಳಿನಲ್ಲಿಯೇ ತಟ್ಟೆಯ ಅಂಚಿಗೆ ಇಳಿಜಾರು ಬರೆದು ತೋರಿಸಿದ್ದ. ಆಗ ಫಕ್ಕನೆ ಬೆಳಕು ಹೊಳೆದಿತ್ತು. ಷಡ್ಡಕ ಕ್ಯಾಮೆರಾ ಹಿಡಿದು, "ಭಾವ, ಬಾಯಿ ಹಾಗೇ ತೆರೆದಿರಿ, ಇನ್ನೊಂದು," ಅಂದಿದ್ದ. ಎಲ್ಲರೂ ನಕ್ಕಿದ್ದರು, ಇವನ ಹೆಂಡತಿಯೂ. ಆ ಚಿತ್ರ ಇವತ್ತಿಗೂ ಅತ್ತೆಯ ಮನೆಯ ಗೋಡೆಯ ಮೇಲಿದೆ. ಕೆರೆಯ ಬಗ್ಗೆ ಹೇಳುತ್ತಿರುವ ಅವನು ಅದರಲ್ಲಿ ಆಕಳಿಸುತ್ತಿರುವವನ ಹಾಗೆ ಕಾಣುತ್ತಾನೆ. ಷಡ್ಡಕ ವಿಡಿಯೊ ಬಿಟ್ಟು ಇಳಿಜಾರಿನ ಜಮೀನು ಹಿಡಿದು ಗೊಬ್ಬರದ ರಾಶಿ ಹಾಕಿದ ಮೇಲೆ ಅತ್ತೆಗೆ ಒಂದು ಮಾತು ಸಿಕ್ಕಿತು. "ನನಗೆ ಒಬ್ಬ ಅಳಿಯ ನೀರು, ಒಬ್ಬ ಅಳಿಯ ಗೊಬ್ಬರ. ಬೀಜ ಒಂದು ಸಿಕ್ಕಿದ್ರೆ ನಾನೇ ಬೇಸಾಯಕ್ಕೆ ಇಳೀತಿದ್ದೆ." ಬಂದವರಿಗೆಲ್ಲ ಹೇಳುತ್ತಿದ್ದರು. ನೀರಿನಳಿಯ, ಗೊಬ್ಬರದಳಿಯ. ಅವನೂ ನಗುತ್ತಿದ್ದ. ನೀರಿಗೆ ರುಚಿಯಿಲ್ಲ, ವಾಸನೆಯಿಲ್ಲ, ಬಣ್ಣವಿಲ್ಲ ಎಂದು ಶಾಲೆಯಲ್ಲಿ ಓದಿದ್ದು ಆಗೆಲ್ಲ ನೆನಪಾಗುತ್ತಿತ್ತು.

ಷಡ್ಡಕ ಕೃತಘ್ನನಾಗಿದ್ದರೆ ಎಷ್ಟು ಸುಲಭವಿತ್ತು. ಆ ಮನುಷ್ಯ ಹೋದಲ್ಲೆಲ್ಲ ಇವನ ಹೆಸರು ಹೇಳುತ್ತಾನೆ. "ಇದೆಲ್ಲ ನಮ್ಮ ಭಾವ ಹೇಳ್ಕೊಟ್ಟಿದ್ದು, ನಂದೇನೂ ಇಲ್ಲ," ಎಂದು ಎದೆಯ ಮೇಲೆ ಮಣ್ಣಿನ ಕೈ ಇಟ್ಟು ಹೇಳುತ್ತಾನೆ, ಮತ್ತು ಹಾಗೆ ಹೇಳಿದಾಗ ಕೇಳಿದವರಿಗೆ ಅವನ ಮೇಲೆಯೇ ಪ್ರೀತಿ ಹೆಚ್ಚುತ್ತದೆ. ಟೀವಿಯವರು ಬಂದಾಗಲೂ ಅದನ್ನೇ ಹೇಳಿದ್ದ: ನಮ್ಮ ಭಾವ ನೀರಿನ ಇಲಾಖೆಯಲ್ಲಿದ್ದಾರೆ, ಅವರ ಮಾತಿನಿಂದಲೇ ಕಣ್ಣು ತೆರೀತು. ಮರುದಿನ ಬೀದಿಯ ತಿರುವಿನಲ್ಲಿ ಪಕ್ಕದ ಮನೆಯಾಕೆ ಇವನನ್ನು ತಡೆದು, ನೀವು ನೀರಿನವರಂತಲ್ಲ, ನಮ್ಮ ನಲ್ಲಿಗೆ ಎರಡು ದಿನದಿಂದ ಯಾಕೆ ಬಿಟ್ಟಿಲ್ಲ ಎಂದು ಕೇಳಿದ್ದಳು. ನೀರು ಬಿಡುವವನು ನಾನಲ್ಲ ಎಂದು ವಿವರಿಸುವುದರೊಳಗೆ ಕಚೇರಿಗೆ ತಡವಾಗಿತ್ತು. ಒಮ್ಮೆ, ಊಟವಾದ ಮೇಲೆ ಬಟ್ಟೆ ಮಡಿಸುತ್ತ, ಹೆಂಡತಿ ಒಂದು ಮಾತು ಹೇಳಿದಳು: "ಚೀಲದ ಗೊಬ್ಬರ ಅಂದ್ರೆ ಗಿಡಕ್ಕೆ ಊಟ, ಮಣ್ಣಿಗೆ ಉಪವಾಸ. ತಂಗಿ ಗಂಡ ಎಷ್ಟು ಚೆನ್ನಾಗಿ ಹೇಳ್ತಾನಲ್ಲ?" ಅದು ಇವನ ಮಾತು. ಮದುವೆಯಾದ ಹೊಸದರಲ್ಲಿ ಕೆರೆಯ ದಂಡೆಯ ಮೇಲೆ ನಡೆಯುವಾಗ ಅವಳಿಗೇ, ಅವಳೊಬ್ಬಳಿಗೇ ಹೇಳಿದ್ದು. ಆಗ ಅವಳು ಹ್ಞೂಂ ಅಂದು ಚಪ್ಪಲಿಗೆ ಸಿಕ್ಕ ಕಲ್ಲು ತೆಗೆದುಕೊಂಡಿದ್ದಳು. ಹಿತ್ತಲ ಗಿಡ ಮದ್ದಲ್ಲ. ಇವನು ಒಂದು ದಿಂಬಿನ ಹೊದಿಕೆಯನ್ನು ಮಡಿಸಿದ, ಬಿಚ್ಚಿ ಮತ್ತೆ ಮಡಿಸಿದ. ನನ್ನ ಮಾತು ಅವನ ಬಾಯಿಯಲ್ಲಿ ಯಾಕೆ ಸಿಹಿಯಾಗುತ್ತದೆ? ಇದೇ ಪ್ರಶ್ನೆಯನ್ನು ನೈಟ್ರೇಟ್ ಬಗ್ಗೆ ಕೇಳಿದ್ದರೆ ಅವನು ಉತ್ತರ ಹುಡುಕಬಲ್ಲವನಾಗಿದ್ದ.

ನಿನ್ನೆ ಭಾನುವಾರ ಗಂಡಹೆಂಡತಿ ಇಬ್ಬರೂ ಷಡ್ಡಕನ ತೋಟಕ್ಕೇ ಹೋಗಿದ್ದರು. ಅಕ್ಕತಂಗಿಯರಿಬ್ಬರೂ ಕಾಂಪೋಸ್ಟಿಗೆ ಜರಡಿ ಹಿಡಿಯುತ್ತ ಕೂತಿದ್ದರು. ಹೆಂಡತಿಯ ಉಗುರುಗಳಲ್ಲಿ ಮಣ್ಣು, ಹಣೆಯ ಮೇಲೆ ಒಂದು ಎಲೆಯ ಚೂರು, ಬಾಯಿ ತುಂಬ ನಗು. ಮನೆಯಲ್ಲಿ ಇವನ ಕೈಗೆ ಅಂಟಿದ ರಾಸಾಯನಿಕದ ವಾಸನೆಗೆ ಮೂಗು ಮುರಿಯುವವಳು ಇಲ್ಲಿ ಕೋಳಿಗೊಬ್ಬರದ ನಡುವೆ ಕೂತು ನಗುತ್ತಿದ್ದಳು. "ಭಾವ, ಸ್ವಲ್ಪ ಕೈ ಹಾಕಿ ನೋಡಿ," ಎಂದು ನಾದಿನಿ ಸಾಲಿನ ಮಣ್ಣನ್ನು ತೋರಿಸಿದಳು. ಹಾಕಿದ. ಮಣಿಕಟ್ಟಿನವರೆಗೆ ಕೈ ತಡೆಯಿಲ್ಲದೆ ಇಳಿಯಿತು. ಮಣ್ಣು ಪುಡಿಪುಡಿಯಾಗಿ, ತಂಪಾಗಿ, ಒಳಗೆ ಒಂದು ಎರೆಹುಳ ಬೆರಳನ್ನು ಸವರಿ ಜಾರಿಕೊಂಡಿತು. ಈ ಇಳಿಜಾರಿನ ಮಣ್ಣನ್ನು ಅವನು ಹಿಂದೆ ಪರೀಕ್ಷಿಸಿದ್ದಾಗ ಅದು ಒಡೆದ ಹೆಂಚಿನಂತಿತ್ತು. ನೀರು ಹನಿಸಿದರೆ ಇಂಗದೆ ಉರುಳಿ ಓಡುತ್ತಿತ್ತು. ಹೀಗಾಗುತ್ತದೆಂದು ಅವನಿಗೆ ಗೊತ್ತಿತ್ತು. ಪುಸ್ತಕದಲ್ಲಿತ್ತು, ಪಾಠದಲ್ಲಿತ್ತು, ಅವನೇ ಬರೆದ ಎರಡು ಪ್ರಬಂಧಗಳಲ್ಲಿತ್ತು. ಆದರೆ ಗೊತ್ತಿರುವುದರೊಳಗೆ ಮಣಿಕಟ್ಟಿನವರೆಗೆ ಕೈ ಇಳಿಯುವುದಿಲ್ಲ. ತನ್ನದಾಗಬೇಕಿದ್ದ ಮಗು ಇನ್ನೊಬ್ಬರ ಮನೆಯ ಅಂಗಳದಲ್ಲಿ ಆಡುತ್ತಿರುವುದನ್ನು ಬೇಲಿಯಾಚೆ ನಿಂತು ನೋಡಿದಂತೆ ಅನಿಸಿ, ಕೈಯನ್ನು ಹೊರಗೆಳೆದುಕೊಂಡು, ತೊಳೆದುಕೊಂಡು ಬರುತ್ತೇನೆಂದು ಕೆಳಗಿನ ಕಾಲುವೆಯತ್ತ ಇಳಿದ. ಅಲ್ಲಿ ಕಾಲುವೆಯ ಹತ್ತಿರವೇ, ಬೇಕಾದದ್ದಕ್ಕಿಂತ ಹತ್ತಿರ, ಗೊಬ್ಬರದ ದೊಡ್ಡ ರಾಶಿಯಿತ್ತು. ಅವನ ಮನಸ್ಸು ಥಟ್ಟನೆ ಚುರುಕಾಯಿತು. ಗೊಬ್ಬರ ಯಾವುದಾದರೇನು, ಅತಿಯಾದರೆ, ನೀರಿನ ಪಕ್ಕದಲ್ಲಿದ್ದರೆ, ಅದೂ ಸೋರುತ್ತದೆ. ಸಾರಜನಕಕ್ಕೆ ಕುಲಗೋತ್ರವಿಲ್ಲ. ಕಾರಿಗೆ ಹೋದ, ಡಿಕ್ಕಿಯಲ್ಲಿ ಮರುದಿನದ ಕೆಲಸಕ್ಕೆಂದು ಇಟ್ಟಿದ್ದ ಬಾಟಲುಗಳ ಪೆಟ್ಟಿಗೆಯಿತ್ತು, ಒಂದನ್ನು ಎತ್ತಿಕೊಂಡು ಬಂದು, ಕಾಲುವೆಯ ಅಂಚಿಗೆ ಕುಕ್ಕರುಗಾಲಿನಲ್ಲಿ ಕೂತು ಮುಳುಗಿಸಿದ. ಅಷ್ಟರಲ್ಲಿ ಮೇಲಿನಿಂದ ಷಡ್ಡಕನ ನಗು ಇಳಿದುಬರುವುದು ಕೇಳಿಸಿತು. ಮುಚ್ಚಳ ತಿರುಗಿಸಿ ಬಾಟಲನ್ನು ಹೆಗಲಿನ ಚೀಲದೊಳಗೆ ತುರುಕಿದ. "ಏನ್ ಭಾವ, ಮೀನು ಹಿಡೀತಿದ್ದೀರಾ?" "ಕೈ ತೊಳೀತಿದ್ದೆ," ಅಂದ. ಕೈ ನಿಜವಾಗಿಯೂ ಒದ್ದೆಯಾಗಿತ್ತು.

ಮಧ್ಯಾಹ್ನ ಹೆಂಡತಿಯ ಫೋನು ಬಂತು. ಅವಳು ಬೆಳಗ್ಗೆಯೇ ತಂಗಿಯ ಮನೆಗೆ ಹೋಗಿದ್ದಳು, ಬರುವವರಿಗೆ ಚಹಾ ಮಾಡಲು. "ನೀವು ಬರ್ತೀರಿ ತಾನೆ? ನೀವಿದ್ರೆ ಅವನಿಗೆ ಧೈರ್ಯ ಅಂತೆ. ಬೆಳಗ್ಗೆಯಿಂದ ನಾಲ್ಕು ಸಲ ಕೇಳ್ದ, ಭಾವ ಎಷ್ಟೊತ್ತಿಗೆ, ಭಾವ ಎಷ್ಟೊತ್ತಿಗೆ ಅಂತ."

"ಬರ್ತೀನಿ. ನಂಗೂ ಒಂದು ಮಾತು ಹೇಳೋದಿದೆ."

"ಉದ್ದ ಬೇಡ ಮತ್ತೆ. ಅವರೆಲ್ಲ ಕೆಲಸ ಬಿಟ್ಟು ಬರ್ತಿರೋರು."

"ಒಂದೇ ಮಾತು," ಅಂದ. ಒಂದೇ ಸಂಖ್ಯೆ. ಕಾರನ್ನು ಕೆರೆಯ ದಂಡೆಯ ಮೇಲೆ ಓಡಿಸುವಾಗ ಅದನ್ನು ನಾಲಿಗೆಯ ಕೆಳಗಿಟ್ಟುಕೊಂಡು ಚಪ್ಪರಿಸುತ್ತಿದ್ದ. ನೀರಿನ ಅಂಚಿಗೆ ಹಸಿರು ಕೆನೆ ಕಟ್ಟಲು ಶುರುವಾಗಿತ್ತು. ಮೋಡ ಕಟ್ಟಿತ್ತು, ರಾತ್ರಿಯೋ ನಾಳೆಯೋ ಮಳೆ. ಸತ್ಯವನ್ನು ಹೇಳುವುದು ಅವನ ಕೆಲಸ. ಸತ್ಯ ಯಾರ ಹೊಟ್ಟೆಯಿಂದ ಹೊರಬಂದರೂ ಸತ್ಯವೇ ಅಲ್ಲವೇ, ಹೊಟ್ಟೆಕಿಚ್ಚಿನಿಂದ ಬಂದರೂ? ಈ ವಾಕ್ಯ ಅವನಿಗೆ ಹಿಡಿಸಿತು. ಎರಡು ಸಲ ಮನಸ್ಸಿನಲ್ಲೇ ಹೇಳಿಕೊಂಡ.

ಶೆಡ್ಡಿನಲ್ಲಿ ಹೂವಿನ ಬುಟ್ಟಿಗಳನ್ನು ಬೋರಲು ಹಾಕಿ ಕೂರಲು ಮಾಡಿದ್ದರು. ಇಳಿಜಾರಿನಲ್ಲಿ ಎಲ್ಲರಿಗಿಂತ ಹೆಚ್ಚು ಜಮೀನಿರುವ, ಪ್ಲಾಸ್ಟಿಕ್ ಮನೆಗಳೊಳಗೆ ಸೌತೆಕಾಯಿ ಬೆಳೆಯುವ ಯಜಮಾನ ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತಿದ್ದ. ಅವನು ಒಪ್ಪಿದರೆ ಉಳಿದವರು ಒಪ್ಪುತ್ತಾರೆಂಬುದು ಎಲ್ಲರಿಗೂ ಗೊತ್ತಿತ್ತು. ಪಕ್ಕದಲ್ಲಿ ಸೇವಂತಿಗೆಯಮ್ಮ, ಸೇವಂತಿಗೆ ಬಿಟ್ಟು ಬೇರೇನೂ ಬೆಳೆಯದ ಆಕೆಗೆ ಆ ಹೆಸರೇ ನಿಂತಿತ್ತು. ಹಿಂದೆ ಇನ್ನೂ ಕೆಲವರು. ಹೆಂಡತಿ ಚಹಾದ ತಟ್ಟೆ ಹಿಡಿದು ಓಡಾಡುತ್ತಿದ್ದಳು. ಇವನು ಒಳಗೆ ಬಂದದ್ದೇ ಷಡ್ಡಕ ಮಾತು ನಿಲ್ಲಿಸಿ, "ಬನ್ನಿ ಭಾವ, ಮುಂದೆ ಬನ್ನಿ, ನಿಮ್ಮ ಜಾಗ ಇದು," ಎಂದು ಇದ್ದ ಒಂದೇ ಕುರ್ಚಿಯನ್ನು ಎಳೆದು ಒರೆಸಿದ. ಕುರ್ಚಿಯಲ್ಲಿ ಕೂತಾಗ ಉಳಿದವರಿಗಿಂತ ಎತ್ತರವಾಗಿ, ಮಕ್ಕಳ ನಡುವೆ ಕೂತ ಮೇಷ್ಟರಂತೆ ಕಂಡಿರಬೇಕು. ಷಡ್ಡಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ.

"ನಾನು ಕೇಳೋದು ಇಷ್ಟೇ," ಯಜಮಾನ ಹೇಳುತ್ತಿದ್ದ, "ಚೀಲ ಹಾಕಿದ್ರೆ ವಾರದಲ್ಲಿ ಎಲೆ ಕಡುಹಸಿರಾಗುತ್ತೆ. ನಿಂದು ಹಾಕಿದ್ರೆ ನಾನು ಕಾಯ್ಬೇಕು. ಕಾಯೋದು ಸೌತೆಕಾಯಿಗೆ ಗೊತ್ತಿಲ್ಲ, ನಂಗೂ ಗೊತ್ತಿಲ್ಲ."

"ಮೊದಲ ಬೆಳೆ ಸ್ವಲ್ಪ ಮುನಿಸಿಕೊಳ್ಳುತ್ತೆ, ಸುಳ್ಳು ಹೇಳಲ್ಲ," ಅಂದ ಷಡ್ಡಕ. "ಹೊಸ ಸೊಸೆ ಇದ್ದಹಾಗೆ. ಎರಡನೇದಕ್ಕೆ ಮನೆಯವಳಾಗ್ತಾಳೆ."

"ನನ್ನ ಸೊಸೆ ಆರು ವರ್ಷ ಆದ್ರೂ ಮುನಿಸಿಕೊಂಡೇ ಇದ್ದಾಳೆ," ಅಂದಳು ಸೇವಂತಿಗೆಯಮ್ಮ. ಎಲ್ಲರೂ ನಕ್ಕರು. ಯಜಮಾನನೂ ನಕ್ಕ, ಮತ್ತು ಆ ನಗುವಿನಲ್ಲಿ ಅವನ ಚಾಚಿದ ಕಾಲು ಮಡಚಿಕೊಂಡಿತು. ಕುರ್ಚಿಯ ಮೇಲಿದ್ದವನು ಅದನ್ನು ಗಮನಿಸಿದ. ಜನ ಒಪ್ಪುವುದು ಹೀಗೆ, ಮೊದಲು ಕಾಲಿನಿಂದ. ಇಷ್ಟು ವರ್ಷ ಇವನು ಸಭೆಗಳಲ್ಲಿ ಪರದೆಯ ಮೇಲೆ ಗೆರೆಗಳನ್ನು ತೋರಿಸಿದ್ದ. ಒಬ್ಬನ ಕಾಲೂ ಮಡಚಿರಲಿಲ್ಲ. "ಇಷ್ಟಕ್ಕೂ ನಾನು ಹೇಳೋದ್ಯಾಕೆ," ಷಡ್ಡಕ ಇವನತ್ತ ತಿರುಗಿದ, ಮಣ್ಣಿನ ಕೈ ಎದೆಯ ಮೇಲೆ ಹೋಯಿತು, "ನಮ್ಮ ಭಾವ ಇದ್ದಾರಲ್ಲ. ಎಲ್ಲ ಇವರು ಹೇಳ್ಕೊಟ್ಟಿದ್ದು, ನಂದೇನೂ ಇಲ್ಲ." ಚಹಾ ಕೊಡುತ್ತಿದ್ದ ಹೆಂಡತಿ ತಲೆಯೆತ್ತಿ ಮುಗುಳ್ನಕ್ಕಳು, ಆದರೆ ನಗು ಹೋದದ್ದು ಹೇಳಿದವನ ಕಡೆಗೆ. ಅಷ್ಟೇ ಆದದ್ದು. ಬೇರೆ ಯಾರೂ ನೋಡಿರಲಾರರು.

"ನಿನ್ನೆ ಈ ತೋಟದ ಕೆಳಗಿನ ಕಾಲುವೆ ನೀರು ತಗೊಂಡು ಹೋಗಿದ್ದೆ," ಅಂದ. ತನ್ನ ದನಿ ಎಷ್ಟು ಸಮಾಧಾನವಾಗಿದೆ ಎಂದು ಅವನಿಗೇ ಅಚ್ಚರಿಯಾಯಿತು. "ನೈಟ್ರೇಟ್ ನಲವತ್ತರ ಹತ್ತಿರ ಇದೆ. ಎರಡು ಸಲ ನೋಡ್ದೆ. ಚೀಲದ ಗೊಬ್ಬರ ಹಾಕೋ ತೋಟದ ನೀರಲ್ಲೂ ನಾನು ಇಷ್ಟು ನೋಡಿದ್ದು ಕಮ್ಮಿ."

ಯಾರೋ ಚಹಾದ ಲೋಟವನ್ನು ಕೆಳಗಿಟ್ಟ ಸದ್ದು ಕೇಳಿಸಿತು. ಷಡ್ಡಕ ವಾದಿಸುತ್ತಾನೆಂದು ಅವನು ಕಾದಿದ್ದ. ವಾದಿಸಿದರೆ ಹೇಳಬೇಕಾದ ಉತ್ತರಗಳೆಲ್ಲ ಸಾಲಾಗಿ ಸಿದ್ಧವಾಗಿದ್ದವು. ಆದರೆ ಷಡ್ಡಕ ತನ್ನ ಕೈಗಳನ್ನು ನೋಡಿಕೊಂಡ. "ಅಂದ್ರೆ... ನನ್ನ ಗೊಬ್ಬರಾನೇ ಕೆರೆಗೆ ಹೋಗ್ತಿದೆ."

"ಹಾಗೇ ಕಾಣುತ್ತೆ."

"ಭಾವಂಗೆ ತಪ್ಪಾಗಿರಬಹುದಲ್ಲ," ಎಂದು ನಾದಿನಿ ಹಿಂದಿನಿಂದ ಅಂದಾಗ ಷಡ್ಡಕ ಅವಳತ್ತ ತಿರುಗಿ, ಯಾವತ್ತೂ ಇಲ್ಲದ ಗಡಸಿನಲ್ಲಿ, "ಸುಮ್ನಿರು ನೀನು. ಭಾವನ ಬಾಟ್ಲು ಯಾವತ್ತೂ ಸುಳ್ಳು ಹೇಳಿಲ್ಲ," ಅಂದ.

ಯಜಮಾನ ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡ. "ಒಳ್ಳೇದಾಯ್ತು, ಮೊದ್ಲೇ ಗೊತ್ತಾಯ್ತು. ಒಳ್ಳೇದು ಅಂತ ಹೇಳ್ಕೊಂಡು ಕೆಡಿಸೋ ಗೊಬ್ಬರಕ್ಕಿಂತ, ಕೆಡಿಸುತ್ತೆ ಅಂತ ಗೊತ್ತಿರೋ ಗೊಬ್ಬರಾನೇ ವಾಸಿ. ಮಳೆ ಬರೋ ಹಾಗಿದೆ, ನಾನು ಅಂಗಡಿಯಿಂದ ಚೀಲ ಎತ್ತಿಸ್ತೀನಿ." ಸೇವಂತಿಗೆಯಮ್ಮ ತನ್ನ ಬುಟ್ಟಿಯನ್ನು ನೆಟ್ಟಗೆ ಮಾಡಿ ಗೋಡೆಗೆ ಒರಗಿಸಿಟ್ಟಳು, ಅವಳು ಇವನ ಮುಖವನ್ನು ನೋಡಿದ ರೀತಿ, ಸಾವಿನ ಸುದ್ದಿ ತಂದವನನ್ನು ನೋಡುವಂತಿತ್ತು. ಒಬ್ಬೊಬ್ಬರಾಗಿ ಹೊರಟರು. ಹೆಂಡತಿ, ಬಂದವರು ಕುಡಿಯದೆ ಬಿಟ್ಟ ಚಹಾದ ಲೋಟಗಳನ್ನು ತಟ್ಟೆಗೆ ಎತ್ತಿಡುತ್ತ ಹತ್ತಿರ ಬಂದು, "ಬೆಳಗ್ಗೇನೇ ಗೊತ್ತಿತ್ತಾ?" ಎಂದು ಮೆಲ್ಲಗೆ ಕೇಳಿದಳು.

"ಗೊತ್ತಿತ್ತು."

"ಅವನಿಗೆ ಒಂದು ಫೋನ್ ಮಾಡಿ ಹೇಳ್ಬಹುದಿತ್ತಲ್ಲ. ಎಲ್ಲರ ಮುಂದೇನೇ ಬೇಕಿತ್ತಾ?" ಉತ್ತರಕ್ಕೆ ಕಾಯದೆ ಒಳಗೆ ಹೋದಳು. ಬೇಕಿತ್ತು ಎಂದು ಅವನು ಹೇಳುತ್ತಿದ್ದನೇನೋ. ಗೆದ್ದವನಿಗೆ ಏನಾಗುತ್ತದೆಂದು ಅವನಿಗೆ ಅನುಭವವಿರಲಿಲ್ಲ. ಒಳಗೆಲ್ಲ ತೊಳೆದಿಟ್ಟ ಪಾತ್ರೆಯಂತೆ ಖಾಲಿಯಾಗಿತ್ತು.

ಷಡ್ಡಕ ಆಗಲೇ ಸಲಿಕೆ ಹಿಡಿದು ಕಾಲುವೆಗೆ ಇಳಿದಿದ್ದ. ರಾಶಿಯ ಬುಡಕ್ಕೆ ಸಲಿಕೆ ಹಾಕಿ ಎತ್ತಿ, ತಲೆಯ ಮೇಲಿನಿಂದ ಹಿಂದಕ್ಕೆ, ಇಳಿಜಾರಿನ ಮೇಲಕ್ಕೆ ಎಸೆಯುತ್ತಿದ್ದ. ಅರ್ಧ ಮತ್ತೆ ಉರುಳಿ ಕೆಳಗೇ ಬರುತ್ತಿತ್ತು. ರಾಶಿಯ ಹೊಟ್ಟೆಯಿಂದ ಬಿಸಿ ಹಬೆ ಏಳುತ್ತಿತ್ತು. "ಎಲ್ಲಿ ತುಂಬಿದ್ರಿ ಭಾವ, ತೋರಿಸಿ," ಅಂದ, ನಿಲ್ಲಿಸದೆ. ದನಿಯಲ್ಲಿ ಸಿಟ್ಟಿರಲಿಲ್ಲ, ಬೇರೆ ಯಾವುದೋ ಕೊರಗಿತ್ತು. "ಯಾವ ಕಡೆಯಿಂದ ಸೋರ್ತಿದೆ ಅಂತ ಗೊತ್ತಾದ್ರೆ ಅಲ್ಲಿಂದ್ಲೇ ಶುರು ಮಾಡ್ತೀನಿ."

ತೋರಿಸಲು ಅವನು ಕುಕ್ಕರುಗಾಲಿನಲ್ಲಿ ಕೂತ. ಎಡಗೈ ಬಾಟಲು ಹಿಡಿದಂತೆ ಬಾಗಿತು, ಬಲಗೈ ಮುಚ್ಚಳ ತಿರುಗಿಸಿದಂತೆ ತಿರುಗಿತು, ಮತ್ತು ಆ ತಿರುಗುವ ಬೆರಳುಗಳ ನಡುವೆ ನಿನ್ನೆಯ ಮುಚ್ಚಳ ನೆನಪಿನಲ್ಲಿ ಕೆಂಪಗೆ ಎದ್ದಿತು. ಹಸಿರು ದಂಡೆ, ಬೂದು ನೀರು, ನಡುವೆ ಅಷ್ಟು ಕೆಂಪು, ಕಾಣದಿರಲು ಕುರುಡನಾಗಿರಬೇಕು. ಕೆಂಪು ಮುಚ್ಚಳದ ಬಾಟಲುಗಳು ಲೋಹಗಳ ಪರೀಕ್ಷೆಗೆ. ಲೋಹದ ಕಲೆ ಉಳಿಯಬಾರದೆಂದು ಅವುಗಳನ್ನು ನೈಟ್ರಿಕ್ ಆಮ್ಲದಲ್ಲಿ ನೆನೆಸಿಡುತ್ತಾರೆ. ಒಂದೆರಡು ಹನಿ ಒಳಗೆ ಉಳಿದರೂ ಆ ಪರೀಕ್ಷೆಗೆ ಅಡ್ಡಿಯಿಲ್ಲ. ಆದರೆ ಆ ಹನಿಯೆಂದರೆ ನೈಟ್ರೇಟೇ. ಆ ಬಾಟಲಿನಲ್ಲಿ ಮಳೆಯ ನೀರು ತುಂಬಿದರೂ ನಲವತ್ತು ಬಂದೀತು. ಅದಕ್ಕೆಂದೇ ನೈಟ್ರೇಟಿನ ಬಾಟಲಿಗೆ ಬಿಳಿ ಮುಚ್ಚಳ, ಅದನ್ನೂ ತುಂಬುವ ಮೊದಲು ಅದೇ ಕಾಲುವೆಯ ನೀರಿನಲ್ಲಿ ಕುಲುಕಿ ಚೆಲ್ಲಿ, ಕುಲುಕಿ ಚೆಲ್ಲಿ ತೊಳೆಯಬೇಕು ಎಂದು ನಿಯಮ ಮಾಡಿದವನು ಅವನೇ. ಬಾಟಲು ತೊಳೆಯುವಾಕೆ ಬೆಳಗ್ಗೆ ಬಾಗಿಲಲ್ಲಿ ನಿಂತು ಕೇಳಿದ್ದಳು, ಅವನು ಆಮೇಲೆ ನೋಡೋಣ ಅಂದಿದ್ದ, ಅಂದು, ಉಳಿದ ನೀರನ್ನು ಚೆಲ್ಲಿದ್ದ. ಯಾಕೆ ಚೆಲ್ಲಿದೆ? ಗೊತ್ತಿರಲಿಲ್ಲವೇ, ಗೊತ್ತಾಗದಿರಲೆಂದು ಚೆಲ್ಲಿದೆನೇ? ನಿನ್ನೆ ಪೆಟ್ಟಿಗೆಯಿಂದ ಎತ್ತುವಾಗ ಬಣ್ಣ ನೋಡಲಿಲ್ಲವೆಂದು ಆಣೆ ಮಾಡಬಲ್ಲೆನೇ? ಅವನು ತನ್ನೊಳಗೆ ಇಳಿದು ನೋಡಿದ. ಅಲ್ಲಿ ಎಲ್ಲಿ ಮುಟ್ಟಿದರೂ ಬಣ್ಣ ಏಳುತ್ತಿತ್ತು. ಮೇಲೆ ರಸ್ತೆಯಲ್ಲಿ ಯಜಮಾನನ ಸಣ್ಣ ಲಾರಿ ಸ್ಟಾರ್ಟ್ ಆದದ್ದು ಕೇಳಿಸಿತು. ಇವತ್ತು ಎತ್ತಿಸಿದ ಚೀಲ ನಾಳೆ ಸಾಲುಗಳ ಮೇಲೆ, ನಾಡಿದ್ದು ಕೆರೆಯಲ್ಲಿ. ಸುಮ್ಮನೆ ಎದ್ದು ಕೈ ಒರೆಸಿಕೊಂಡು ಹೋದರೆ ಲೋಕದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಭಾವನ ಬಾಟ್ಲು ಯಾವತ್ತೂ ಸುಳ್ಳು ಹೇಳಿಲ್ಲ. ಅವನ ಹತ್ತಿರ ಇದ್ದದ್ದು ಅದೊಂದೇ. ಷಡ್ಡಕನಿಗೆ ನಗುವಿತ್ತು, ಮಣ್ಣಿತ್ತು, ಜನರಿದ್ದರು, ಇವನ ಹೆಂಡತಿಯ ಮುಗುಳ್ನಗೆಯೂ ಇತ್ತು. ಇವನಿಗೆ ಈ ಒಂದು ವಾಕ್ಯವಿತ್ತು.

"ಅದು ತಪ್ಪು," ಅಂದ, ನೀರಿನ ಕಡೆಗೆ ನೋಡುತ್ತ. "ಬಾಟ್ಲು ತಪ್ಪು. ಆಮ್ಲದಲ್ಲಿ ನೆನೆಸಿದ ಬಾಟ್ಲಲ್ಲಿ ತುಂಬಿದೆ. ಅವಸರದಲ್ಲಿ ತೊಳೀಲೂ ಇಲ್ಲ. ಆ ನಲವತ್ತು ಬಾಟ್ಲಿಂದು. ನಿನ್ನ ಕಾಲುವೇಲಿ ಎಷ್ಟಿದೆ ಅಂತ ನಂಗೆ ಗೊತ್ತೇ ಇಲ್ಲ."

ಸಲಿಕೆ ನಿಂತಿತು. ಷಡ್ಡಕ ಅವನನ್ನೇ ನೋಡಿದ. ಆ ನೋಟದಲ್ಲಿ ಎಲ್ಲ ತಿಳಿದುಹೋಯಿತೋ, ಏನೂ ತಿಳಿಯಲಿಲ್ಲವೋ, ಇವನಿಗೆ ಅಂದಾಜಾಗಲಿಲ್ಲ. ಆಮೇಲೆ ಷಡ್ಡಕ ಮೊಣಕೈಯಿಂದ ಹಣೆ ಒರೆಸಿಕೊಂಡು ಸಣ್ಣಗೆ ನಕ್ಕ. "ಅಬ್ಬ. ನನ್ನ ಜೀವ ಹೋಗಿ ಬಂತು ಭಾವ. ಹೋಗ್ಲಿ ಬಿಡಿ. ಯಾರಿಗೆ ಆಗಲ್ಲ?" ಸಲಿಕೆಯನ್ನು ನೆಲಕ್ಕೆ ಊರಿ ಹತ್ತಿರ ಬಂದ. "ಒಂದು ಕೆಲಸ ಮಾಡೋಣ. ನಿಮ್ಮ ಬಾಟ್ಲು ಅಂತ ಹೇಳೋದು ಬೇಡ. ನಾಳೆಯಿಂದ ನಿಮ್ಮ ಮಾತು ಯಾರೂ ನಂಬಲ್ಲ, ಊರ ನೀರಿನ ವಿಷಯ. ನಾನೇ ಹೇಳ್ತೀನಿ. ರಾಶಿ ಕದಡಿದ ಸಲಿಕೆ ನಿನ್ನೆ ಕಾಲುವೇಲಿ ತೊಳೆದಿದ್ದೆ, ಅದರ ನೀರೇ ಭಾವನ ಬಾಟ್ಲಿಗೆ ಬಂದಿದೆ, ತಪ್ಪು ನಂದು ಅಂತೀನಿ. ನಕ್ಕೊಂಡು ವಾಪಸ್ ಬರ್ತಾರೆ. ನಂಗೇನು, ನನ್ನನ್ನ ನೋಡಿ ನ‌ಗೋದು ಅವರಿಗೆ ಅಭ್ಯಾಸ."

ಅವನು ಅದನ್ನು ಕಣ್ಣಿಗೆ ಕಟ್ಟಿದಂತೆ ಕಂಡ. ಷಡ್ಡಕ ಎದೆಯ ಮೇಲೆ ಕೈಯಿಟ್ಟು, ಯಜಮಾನರೇ, ನನ್ನ ದಡ್ಡತನ, ಅನ್ನುತ್ತಾನೆ, ಎಲ್ಲರೂ ನಗುತ್ತಾರೆ, ಸೇವಂತಿಗೆಯಮ್ಮ ಏನೋ ಒಂದು ಚಟಾಕಿ ಹಾರಿಸುತ್ತಾಳೆ, ಒಳಗಿನಿಂದ ಹೆಂಡತಿ ಬಂದು, ತಪ್ಪನ್ನು ಇಷ್ಟು ಸರಾಗವಾಗಿ ಒಪ್ಪಿಕೊಳ್ಳುವ ಗಂಡಸನ್ನು ನೋಡುತ್ತಾಳೆ. ಇವನು ಕುರ್ಚಿಯ ಮೇಲೆ ಕೂತು ತಲೆಯಾಡಿಸುತ್ತಾನೆ. ಇಳಿಜಾರು ಉಳಿಯುತ್ತದೆ, ಕೆರೆ ಉಳಿಯುತ್ತದೆ, ಬಾಟಲಿನ ಮಾನವೂ ಉಳಿಯುತ್ತದೆ. ಎಲ್ಲ ಸರಿಹೋಗುತ್ತದೆ. ನನ್ನ ಮಾತು ಅವನದಾಯಿತು, ನನ್ನ ಮಣ್ಣು ಅವನದಾಯಿತು, ಈಗ ತಪ್ಪೂ.

"ಬೇಡ," ಅಂದ.

"ಅಯ್ಯೋ, ಇದರಲ್ಲೇನಿದೆ ಭಾವ..."

"ಬೇಡ ಅಂದ್ನಲ್ಲ." ಎದ್ದ. ಮಂಡಿ ನೋಯುತ್ತಿತ್ತು. ಇಳಿಜಾರನ್ನು ಅವನು ನಡೆದು ಹತ್ತಲಿಲ್ಲ, ಬಾಗಿ ಕೈಯೂರಿ ಹತ್ತಿದ. ಒಂದು ಸೇವಂತಿಗೆ ಸಾಲನ್ನು ತುಳಿದ. ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು ದಾಟಿ, ಏನ್ರೀ ಎಂಬ ಅವಳ ದನಿಯನ್ನು ದಾಟಿ ರಸ್ತೆಗೆ ಬಂದ. ಲಾರಿ ತಿರುವಿನಲ್ಲಿ, ಗೊಬ್ಬರದಂಗಡಿಯ ಮುಂದೆ ನಿಂತಿತ್ತು. ಕೂಲಿಯವರು ಬಿಳಿ ಚೀಲಗಳನ್ನು ಹೆಗಲ ಮೇಲೆ ಹೊತ್ತು ತಂದು ಹಾಕುತ್ತಿದ್ದರು. ಸೇವಂತಿಗೆಯಮ್ಮ ಮತ್ತು ಇನ್ನಿಬ್ಬರು ತಮ್ಮ ಸರದಿಗೆ ಕಾಯುತ್ತ ಅಂಗಡಿಯ ಮೆಟ್ಟಿಲಲ್ಲಿ ನಿಂತಿದ್ದರು. ಇವನು ಓಡಿದ. ಈ ವಯಸ್ಸಿನಲ್ಲಿ, ಈ ಬೂಟಿನಲ್ಲಿ ಓಡುವವನನ್ನು ನೋಡಿ ಕೂಲಿಯವನೊಬ್ಬ ಚೀಲ ಹೊತ್ತಂತೆಯೇ ನಿಂತುಬಿಟ್ಟ.

"ಚೀಲ ಇಳಿಸಿ," ಅಂದ. ಏದುಸಿರಿಗೆ ಮಾತು ತುಂಡುತುಂಡಾಯಿತು. "ನಾನು ಹೇಳಿದ್ದು ತಪ್ಪು. ಬಾಟ್ಲಲ್ಲಿ ಆಮ್ಲ ಇತ್ತು. ನಾಳೆ ಬೆಳಗ್ಗೆ ಬನ್ನಿ, ಸರಿಯಾದ ಬಾಟ್ಲಲ್ಲಿ ನಿಮ್ಮೆಲ್ಲರ ಮುಂದೆ ತುಂಬ್ತೀನಿ. ನಿಮ್ಮ ತೋಟದ ಕೆಳಗೂ ತುಂಬ್ತೀನಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಆಮೇಲೆ ಬೇಕಾದ್ರೆ ತಗೊಳ್ಳಿ ಚೀಲ."

"ಈಗ ತಾನೆ ಎರಡು ಸಲ ನೋಡ್ದೆ ಅಂದ್ರಿ," ಅಂದ ಯಜಮಾನ.

"ತಪ್ಪು ಬಾಟ್ಲನ್ನ ಎರಡು ಸಲ ನೋಡ್ದೆ."

"ನೀವು ನೋಡಿದ ನೀರನ್ನೇ ಅಲ್ವಾ ನಾವೆಲ್ಲ ಕುಡಿಯೋದು?"

ಮೆಟ್ಟಿಲ ಮೇಲೆ ಯಾರೋ ಕಿಸಕ್ಕೆಂದರು. ಅವನ ಕಿವಿ ಬಿಸಿಯಾಯಿತು. ಹಿಂದೆ ಹೆಜ್ಜೆಯ ಸದ್ದು. ಷಡ್ಡಕ ಬಂದಿದ್ದ, ಅವನ ಹಿಂದೆ ಹೆಂಡತಿ. ಷಡ್ಡಕನ ಮುಖದ ಮೇಲೆ ಆ ನಗು ಆಗಲೇ ಹರಡುತ್ತಿತ್ತು, ಮಣ್ಣಿನ ಕೈ ಆಗಲೇ ಎದೆಯತ್ತ ಏಳುತ್ತಿತ್ತು. "ಅಲ್ಲ ಯಜಮಾನರೇ, ನಮ್ಮ ಭಾವ ಹೇಳೋದು ಏನಂದ್ರೆ..."

"ನೀನು ಸುಮ್ಮನಿರು," ಅಂದ ಅವನು. ಎಷ್ಟು ಗಟ್ಟಿಯಾಗಿ ಅಂದನೆಂದರೆ ಲಾರಿಯ ಮೇಲಿದ್ದವನೂ ತಿರುಗಿ ನೋಡಿದ. "ಈ ತಪ್ಪು ನನ್ನದು." ಅಂದು, ಎರಡೂ ಕೈಗಳನ್ನು ಮುಂದೆ ಚಾಚಿ, ಬಾಟಲನ್ನು ಹೇಗೆ ಹಿಡಿದಿದ್ದೆ, ಮುಚ್ಚಳದ ಬಣ್ಣ ಯಾವುದಿತ್ತು, ಯಾರ ನಗು ಕೇಳಿ ಅವಸರ ಮಾಡಿದೆ ಎಂದು ಮೊದಲಿನಿಂದ, ಒಂದನ್ನೂ ಬಿಡದೆ ಹೇಳತೊಡಗಿದ.